ಕಾಡು, ಬೆಟ್ಟ, ಬ್ಯಾಣ: ಎಣಿಸುವ ಸಂಶೋಧನೆ ಯಾವಾಗ, ಕೇಳಿಸಿಕೊಳ್ಳುವ ಸಂಶೋಧನೆ ಯಾವಾಗ?

ನಾನು ಹೊಸನಗರ ತಾಲ್ಲೂಕಿನವಳು. ಪ್ರಶ್ನಾವಳಿ ಹಿಡಿದು ಮನೆ ಮನೆ ಸುತ್ತುವ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯಿತು. ಸಾಗರ, ಸೊರಬ, ತೀರ್ಥಹಳ್ಳಿ, ಕೊಪ್ಪ ಕಡೆಯ ಎಷ್ಟೋ ಮನೆಗಳ ಜಗಲಿಯಲ್ಲಿ ಕೂತು ಬರೆದಿದ್ದೇನೆ. ಈಗ ಶಿವಮೊಗ್ಗದಲ್ಲಿದ್ದೇನೆ. ಎಂಎಸ್‌ಡಬ್ಲ್ಯು, ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟ್ ಸಮಯದಲ್ಲಿ ಭಾನುವಾರ ಮನೆಗೆ ಬರುತ್ತಾರೆ. ಬಂದವರು ಮೊದಲು ಮೊಬೈಲ್ ತೆಗೆದು ಗೂಗಲ್ ಫಾರ್ಮ್ ತೋರಿಸುತ್ತಾರೆ. ಮೂವತ್ತು ಪ್ರಶ್ನೆ ರೆಡಿ ಇರುತ್ತದೆ. ಆಮೇಲೆ ಕೇಳುತ್ತಾರೆ: "ಅಕ್ಕ, ಇದು ಕ್ವಾಲಿಟೇಟಿವ್ ಆಗುತ್ತಾ, ಕ್ವಾಂಟಿಟೇಟಿವ್ ಆಗುತ್ತಾ?"

ಫಾರ್ಮ್ ಮಾಡುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಹಾಗಾಗಿ ನಾನು ಅವರಿಗೆ ಹೇಳುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಪಠ್ಯದಲ್ಲಿ ಇವಕ್ಕೆ ಗುಣಾತ್ಮಕ, ಪರಿಮಾಣಾತ್ಮಕ ಎಂಬ ಹೆಸರುಗಳಿವೆ. ಪರಿಮಾಣಾತ್ಮಕ ಎಂದರೆ ಎಣಿಸುವುದು, ಅಳೆಯುವುದು. ಗುಣಾತ್ಮಕ ಎಂದರೆ ಕೇಳಿಸಿಕೊಳ್ಳುವುದು, ಜೊತೆಗಿದ್ದು ನೋಡುವುದು. ನನಗೆ ಇದು ಪುಸ್ತಕಕ್ಕಿಂತ ಮೊದಲು ಅಪ್ಪನ ಮಳೆ ಡೈರಿಯಿಂದ ಗೊತ್ತಾಗಿದ್ದು. ನಮ್ಮ ಕಡೆ ಅಡಿಕೆ ತೋಟದ ಎಷ್ಟೋ ಮನೆಗಳಲ್ಲಿ ಮಳೆಮಾಪಕ ಇರುತ್ತದೆ. ಅಪ್ಪ ದಿನಾ ಬೆಳಗ್ಗೆ ಅಳೆದು ಡೈರಿಯ ಎಡಗಡೆ ಮಿಲಿಮೀಟರ್ ಬರೆಯುತ್ತಿದ್ದರು. ಬಲಗಡೆ ಒಂದೋ ಎರಡೋ ಸಾಲು. "ಪುನರ್ವಸು ಹಿಡಿದಿದೆ. ಔಷಧಿ ಹೊಡೆಸಲು ಆಗಲಿಲ್ಲ. ಕೊನೆಗೌಡನಿಗೆ ಜ್ವರ." ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು, ಕೊನೆ ಕೊಯ್ಯುವವನು.

ಎಡಗಡೆಯದನ್ನು ಕೂಡಿಸಬಹುದು. ಸರಾಸರಿ ತೆಗೆಯಬಹುದು. ಹೋದ ವರ್ಷದ ಜೊತೆ, ಪಕ್ಕದ ಊರಿನ ಜೊತೆ ಹೋಲಿಸಬಹುದು. ಅಪ್ಪನ ಬದಲು ನಾನು ಅಳೆದರೂ ಅದೇ ಅಂಕಿ ಬರುತ್ತಿತ್ತು. ಬಲಗಡೆಯದನ್ನು ಕೂಡಿಸಲು ಬರುವುದಿಲ್ಲ. ಅದನ್ನು ಬರೆದವರು ಯಾರು, ಯಾವತ್ತು ಬರೆದರು ಅನ್ನುವುದೂ ಸೇರಿಯೇ ಅದಕ್ಕೆ ಅರ್ಥ. ಆದರೆ ಒಂದು ವರ್ಷ ನಮ್ಮ ತೋಟಕ್ಕೆ ಯಾಕೆ ಕೊಳೆ ರೋಗ ಜಾಸ್ತಿ ಬಂತು, ಅಷ್ಟೇ ಮಳೆ ಬಿದ್ದ ಪಕ್ಕದ ತೋಟಕ್ಕೆ ಯಾಕೆ ಬರಲಿಲ್ಲ ಎಂದು ಹುಡುಕಿದರೆ ಉತ್ತರ ಬಲಗಡೆಯೇ ಸಿಗುವುದು.

ಮೊದಲು ಪ್ರಶ್ನೆಯನ್ನು ಒಂದು ಸಾಲಲ್ಲಿ ಬರೆಯಿರಿ

ವಿಷಯವಲ್ಲ, ಪ್ರಶ್ನೆ. "ಮಂಗನ ಕಾಯಿಲೆ ಬಗ್ಗೆ ಒಂದು ಅಧ್ಯಯನ" ಎಂದು ಬರೆದರೆ ಅದು ವಿಷಯ ಮಾತ್ರ ಆಯಿತು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರಬೇಕು. ಬರೆದ ಮೇಲೆ ಅದರಲ್ಲಿರುವ ಪ್ರಶ್ನೆಯ ಪದಕ್ಕೆ ಕೆಳಗೆ ಗೆರೆ ಎಳೆಯಿರಿ. ಎಷ್ಟು, ಎಷ್ಟು ಜನ, ಯಾರಲ್ಲಿ ಜಾಸ್ತಿ, ಇದಕ್ಕೂ ಅದಕ್ಕೂ ಸಂಬಂಧ ಇದೆಯಾ: ಇವೆಲ್ಲ ಎಣಿಕೆ ಕೇಳುತ್ತವೆ. ಯಾಕೆ, ಹೇಗೆ, ಅವರು ಇದನ್ನು ಏನೆಂದುಕೊಂಡಿದ್ದಾರೆ: ಇವು ಕಿವಿ ಕೇಳುತ್ತವೆ.

ಮಂಗನ ಕಾಯಿಲೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ನಮ್ಮ ಜಿಲ್ಲೆಯದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಯಿತು, ಆ ಊರಿನ ಹೆಸರೇ ಜಗತ್ತಿನ ವೈದ್ಯ ಪುಸ್ತಕಗಳಿಗೆ ಹೋಯಿತು. ವೈರಸ್ ಉಣುಗಿನ (ಉಣ್ಣೆಯ) ಕಡಿತದಿಂದ ಬರುತ್ತದೆ. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸೋಪು ಹಾಕಿ ಸ್ನಾನ ಮಾಡಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. "ಈ ಪಂಚಾಯಿತಿಯಲ್ಲಿ ಎಷ್ಟು ಮನೆಯವರು ಎಣ್ಣೆ ಬಳಸುತ್ತಾರೆ?" ಇದು ಎಣಿಸುವ ಪ್ರಶ್ನೆ. "ಮನೆಯಲ್ಲಿ ಬಾಟಲಿ ಇದ್ದರೂ ಯಾಕೆ ಹಚ್ಚಿಕೊಳ್ಳುವುದಿಲ್ಲ?" ಇದು ಕೇಳಿಸಿಕೊಳ್ಳುವ ಪ್ರಶ್ನೆ. ಎರಡನ್ನೂ ಒಂದೇ ಫಾರ್ಮ್‌ಗೆ ತುರುಕಿದರೆ ಎರಡೂ ಕೆಡುತ್ತವೆ.

ಹೇಗೆ ಕೆಡುತ್ತದೆ ಎಂದು ನಾನೇ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಇದೇ ಕಾಯಿಲೆಯ ಒಂದು ಸಮೀಕ್ಷೆಗೆ ಹೋಗಿದ್ದೆ. ಪ್ರಶ್ನಾವಳಿ ಬೇರೆ ಊರಲ್ಲಿ ತಯಾರಾಗಿ, ಅಚ್ಚಾಗಿ ನಮ್ಮ ಕೈಗೆ ಬಂದಿತ್ತು. ಏಳನೇ ಪ್ರಶ್ನೆ: "ನೀವು ಕಾಡಿಗೆ ಹೋಗುತ್ತೀರಾ? ಹೌದು, ಇಲ್ಲ." ಇಲ್ಲ ಎಂದರೆ ನೇರ ಹದಿನೈದನೇ ಪ್ರಶ್ನೆಗೆ ಹೋಗಬೇಕು. ನಡುವಿನ ಏಳು ಪ್ರಶ್ನೆ ಎಣ್ಣೆಯ ಬಗ್ಗೆ.

ಒಂದು ಮನೆಯಲ್ಲಿ ಅಜ್ಜಿ ಆಗಷ್ಟೇ ತಲೆ ಮೇಲಿನ ದರಗಿನ (ಒಣಗಿ ಉದುರಿದ ಎಲೆಯ) ಬುಟ್ಟಿ ಇಳಿಸಿ ಅಂಗಳದಲ್ಲಿ ನಿಂತಿದ್ದರು. ಕೇಳಿದೆ.

"ಕಾಡಿಗೆ ನಾವ್ಯಾಕೆ ಹೋಗೋಣ ತಂಗಿ?" ಎಂದರು.

ಇಲ್ಲ ಎಂದು ಗುರುತು ಹಾಕಿದೆ. ಹಾಕಿದ ಮೇಲೆ ಬುಟ್ಟಿ ಕಣ್ಣಿಗೆ ಬಿತ್ತು. "ಮತ್ತೆ ಈ ದರಗು ಎಲ್ಲಿಂದ ತಂದ್ರಿ ಅಜ್ಜಿ?"

"ಬೆಟ್ಟದಿಂದ."

ನಾನು ಅದೇ ನೆಲದಲ್ಲಿ ಹುಟ್ಟಿದವಳು. ನನಗಾದರೂ ಮೊದಲೇ ಹೊಳೆಯಬೇಕಿತ್ತು. ನಮ್ಮ ಕಡೆ ತೋಟಕ್ಕೆ ಸೊಪ್ಪು, ದರಗು ತರುವುದು ಸೊಪ್ಪಿನ ಬೆಟ್ಟದಿಂದ. ಹುಲ್ಲು ಕೊಯ್ಯುವುದು, ದನ ಬಿಡುವುದು ಬ್ಯಾಣದಲ್ಲಿ. ಹಸಿರು ಮುಚ್ಚಿಕೊಂಡ ದಟ್ಟ ಮರಗಳ ಜಾಗ ಕಾನು. ಕಾಡು ಎಂದರೆ ಇವೆಲ್ಲ ದಾಟಿದ ಮೇಲೆ ಇರುವುದು, ಸುಮ್ನೆ ಯಾರೂ ಹೋಗದ ಜಾಗ. ಉಣುಗಿಗೆ ಈ ಹೆಸರುಗಳು ಗೊತ್ತಿಲ್ಲ ನೋಡಿ. ಅಜ್ಜಿ ದಿನಾ ಹೋಗುವ ಬೆಟ್ಟದಲ್ಲೂ ಅದು ಇರುತ್ತದೆ.

ಅಷ್ಟು ಹೊತ್ತಿಗೆ ಆ ಊರಿನ ಬಹಳ ಮನೆ ಮುಗಿದಿತ್ತು. ಮೇಲಿನವರಿಗೆ ಫೋನ್ ಮಾಡಿ ಹೇಳಿದೆ. ಅರ್ಧ ಕೆಲಸ ಆಗಿದೆ, ಈಗ ಪ್ರಶ್ನೆ ಬದಲಾಯಿಸಲು ಆಗುವುದಿಲ್ಲ ಎಂದರು. ಆ ವರದಿಯ ಪಟ್ಟಿಗಳಲ್ಲಿ ಕಾಡಿಗೆ ಹೋಗದವರ ಸಾಲು ಉದ್ದವಾಗಿಯೇ ಉಳಿಯಿತು. ಕಂಪ್ಯೂಟರ್‌ಗೆ ಹಾಕಿದರೆ ಅದರಲ್ಲಿ ತಪ್ಪು ಕಾಣುವುದೇ ಇಲ್ಲ. ನನಗೆ ಈಗಲೂ ಆ ಫಾರ್ಮ್‌ಗಳು ನೆನಪಾದರೆ ಸಂಕಟವಾಗುತ್ತದೆ. ಅಷ್ಟು ಜನ ಕೆಲಸ ಬಿಟ್ಟು ಕೂತು ಉತ್ತರ ಕೊಟ್ಟಿದ್ದರು.

ಎಣಿಸುವುದಕ್ಕೆ ಮೊದಲು ನಾಲ್ಕು ದಿನ ಸುಮ್ಮನೆ ಕೂತು ಮಾತು ಕೇಳಿದ್ದರೆ ಆ ಪ್ರಶ್ನೆ ಹೀಗೆ ಇರುತ್ತಿತ್ತು: "ಕಳೆದ 7 ದಿನಗಳಲ್ಲಿ ಮನೆಯಿಂದ ಯಾರಾದರೂ ಬೆಟ್ಟ, ಬ್ಯಾಣ, ಕಾನು, ಕಾಡು, ಇವುಗಳಲ್ಲಿ ಎಲ್ಲಿಗಾದರೂ ಹೋಗಿದ್ದರಾ? ಎಷ್ಟು ದಿನ?"

ಎಣಿಸಲು ಹೊರಟರೆ

ಮೊದಲ ಕೆಲಸ, ಯಾರನ್ನು ಕೇಳುವುದು ಎಂದು ತೀರ್ಮಾನಿಸುವುದು. ಭತ್ತದ ಬೆಳೆ ಕಟಾವು ಪ್ರಯೋಗ ನೋಡಿದ್ದೀರಾ? ಗದ್ದೆಯಲ್ಲಿ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಗುರುತಿಸಿ, ಅಷ್ಟನ್ನು ಮಾತ್ರ ಕೊಯ್ದು ತೂಗುತ್ತಾರೆ. ಆ ಚೌಕ ಎಲ್ಲಿ ಬೀಳಬೇಕು ಎನ್ನುವುದು ಅಂಕಿಗಳ ಲಾಟರಿಯಿಂದ ತೀರ್ಮಾನವಾಗುತ್ತದೆ. ಗದ್ದೆಯ ಯಜಮಾನನ ಇಷ್ಟವೂ ಇಲ್ಲ, ಅಧಿಕಾರಿಯ ಇಷ್ಟವೂ ಇಲ್ಲ. ಒಳ್ಳೆಯ ಮೂಲೆ ಆರಿಸಿದರೆ ಇಡೀ ಊರಿನ ಲೆಕ್ಕವೇ ತಪ್ಪುತ್ತದೆ ಅಲ್ವಾ? ಮನೆಗಳಿಗೂ ಅದೇ ನಿಯಮ.

ಪಂಚಾಯಿತಿಯಲ್ಲಿ 600 ಮನೆ ಇದೆ, ನಿಮಗೆ 60 ಬೇಕು ಎಂದುಕೊಳ್ಳಿ. ಮನೆಗಳ ಪಟ್ಟಿ ತೆಗೆದುಕೊಳ್ಳಿ. 1ರಿಂದ 10ರ ಒಳಗೆ ಒಂದು ಚೀಟಿ ಎತ್ತಿ. 4 ಬಂತು. ಹಾಗಾದರೆ 4, 14, 24, ಹೀಗೆ ಹತ್ತಕ್ಕೊಂದು ಮನೆ. ಕೇಳಲು ಸುಲಭ, ಮಲೆನಾಡಿನಲ್ಲಿ ಮಾಡಲು ಕಷ್ಟ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತಾಗಿಲ್ಲ. 34ನೇ ಮನೆ ಟಾರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ, ಒಂಟಿಯಾಗಿ ಇರುತ್ತದೆ. ಮಳೆಗಾಲವಾದರೆ ರಕ್ತ ಹೀರುವ ಇಂಬಳ ಬೇರೆ. ಆಗ ರಸ್ತೆ ಪಕ್ಕದ ಮನೆಯಲ್ಲೇ ಕೇಳಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಸ್ಸು, ಆಸ್ಪತ್ರೆ, ಅಂಗಡಿ ಹತ್ತಿರ ಇರುವವರ ಬದುಕೇ ಬೇರೆ. ಒಳಗಿನ ಮನೆಯವರೇ ಬೆಟ್ಟಕ್ಕೆ ಜಾಸ್ತಿ ಹೋಗುವವರು. ಅವರನ್ನು ಬಿಟ್ಟರೆ ನಿಮ್ಮ ಸಮೀಕ್ಷೆ ರಸ್ತೆಯ ಸಮೀಕ್ಷೆ ಆಗುತ್ತದೆ.

ಎಷ್ಟು ಮನೆ ಸಾಕು ಎನ್ನುವುದಕ್ಕೆ ಒಂದು ಸೂತ್ರ ಇದೆ. ಶೇಕಡಾ 95ರ ವಿಶ್ವಾಸ (ನೂರು ಸಲ ಹೀಗೆ ಆರಿಸಿದರೆ ಸುಮಾರು 95 ಸಲ ಲೆಕ್ಕ ಹೊಂದುವುದು), ಬರುವ ಶೇಕಡಾವಾರು 5 ಅಂಶ ಆಚೀಚೆ ಆದರೂ ಪರವಾಗಿಲ್ಲ ಎಂದರೆ, 1.96ರ ವರ್ಗವನ್ನು 0.25ರಿಂದ ಗುಣಿಸಿ 0.0025ರಿಂದ ಭಾಗಿಸಬೇಕು. 384.16 ಬರುತ್ತದೆ, ಅಂದರೆ 385. ಜನಸಂಖ್ಯೆ ದೊಡ್ಡದಿದ್ದರೆ, ಒಂದು ಜಿಲ್ಲೆಗೂ ಇಡೀ ರಾಜ್ಯಕ್ಕೂ ಇದೇ ಅಂಕಿ. ಇದು ಹೆಚ್ಚಿನವರಿಗೆ ನಂಬಿಕೆ ಬರುವುದಿಲ್ಲ, "ಹತ್ತು ಪರ್ಸೆಂಟ್ ತಗೋಬೇಕಲ್ವಾ ಅಕ್ಕ" ಎನ್ನುತ್ತಾರೆ. ಹಾಗೇನಿಲ್ಲ. ಒಟ್ಟು 600 ಮನೆಯಷ್ಟೇ ಇದ್ದರೆ ತಿದ್ದುಪಡಿ ಮಾಡಿ 235 ಸಾಕಾಗುತ್ತದೆ. ಮೇಲಿನ 60 ಮನೆ ಕಲಿಯುವುದಕ್ಕೆ ಸಾಕು, ಆದರೆ ಅದರಿಂದ ಬಂದ ಶೇಕಡಾವಾರು 12 ಅಂಶದಷ್ಟು ಆಚೀಚೆ ಇರಬಹುದು ಎಂದು ವರದಿಯಲ್ಲಿ ಬರೆಯಬೇಕು.

ಪ್ರಶ್ನೆ ಬರೆಯುವಾಗ ಎರಡು ವಿಷಯ ಒಂದೇ ಪ್ರಶ್ನೆಯಲ್ಲಿ ಸೇರಿಸಬೇಡಿ. "ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಸ್ನಾನ ಮಾಡುತ್ತೀರಾ?" ಎಂದರೆ ಸ್ನಾನ ಮಾತ್ರ ಮಾಡುವವರು ಏನು ಹೇಳಬೇಕು? ಇನ್ನೊಂದು, ಐದು ಹಂತದ ಉತ್ತರಗಳು. ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ. ನಮ್ಮ ಕಡೆ ಇದಕ್ಕೆ ಬರುವ ಉತ್ತರ ಒಂದೇ: "ಪರವಾಗಿಲ್ಲ." ಆಸ್ಪತ್ರೆ ಹೇಗಿದೆ? ಪರವಾಗಿಲ್ಲ. ರಸ್ತೆ? ಪರವಾಗಿಲ್ಲ. ತುಂಬಾ ಚೆನ್ನಾಗಿದೆ ಎಂದೂ ಇರಬಹುದು, ಬಂದವರ ಮುಂದೆ ದೂರುವುದು ಬೇಡ ಎಂದೂ ಇರಬಹುದು. ಅಭಿಪ್ರಾಯದ ಬದಲು ನಡೆದದ್ದನ್ನು ಕೇಳಿ. ಕಳೆದ ವಾರ ಎಷ್ಟು ದಿನ, ಕೊನೆಯ ಸಲ ಯಾವಾಗ.

ಜಮೀನಿನ ಪ್ರಶ್ನೆಯಲ್ಲಿ ಇನ್ನೂ ಹುಷಾರಾಗಿರಬೇಕು. "ಎಷ್ಟು ಜಮೀನಿದೆ?" ಎಂದರೆ ಕೆಲವರು ತೋಟ ಮಾತ್ರ ಹೇಳುತ್ತಾರೆ, ಕೆಲವರು ಗದ್ದೆ ಸೇರಿಸುತ್ತಾರೆ. ಬಗರ್ ಹುಕುಂ ಸಾಗುವಳಿ ಇದ್ದವರು ಅದನ್ನು ಹೇಳುವುದೇ ಇಲ್ಲ. ಅಪರಿಚಿತರ ಕಾಗದದಲ್ಲಿ ಅದು ಬಿದ್ದರೆ ಏನಾಗುತ್ತದೋ ಎಂಬ ಭಯ. ಅದು ನ್ಯಾಯವಾದ ಭಯವೇ. ನಿಮ್ಮ ಅಧ್ಯಯನಕ್ಕೆ ಜಮೀನಿನ ಲೆಕ್ಕ ನಿಜವಾಗಿ ಬೇಡವಾದರೆ ಕೇಳಲೇಬೇಡಿ.

ಅಂಕಿ ಬಂದ ಮೇಲೆ ಸರಾಸರಿಗೆ ಆತುರ ಬೇಡ. ಐದು ಮನೆಯ ತೋಟ 1, 1, 2, 2, 24 ಎಕರೆ ಇದ್ದರೆ ಸರಾಸರಿ 6 ಎಕರೆ. ಆದರೆ 6 ಎಕರೆಯವರು ಅಲ್ಲಿ ಯಾರೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನವರನ್ನು ನೋಡಿದರೆ 2 ಎಕರೆ. ಇದು ಮಧ್ಯಾಂಕ. ಜಮೀನು, ಆದಾಯ, ಸಾಲ ಇವಕ್ಕೆಲ್ಲ ಮಧ್ಯಾಂಕವನ್ನೂ ಕೊಡಿ.

ಮತ್ತೊಂದು ಬಲೆ ಇದೆ. ಎಣ್ಣೆ ಹಚ್ಚಿಕೊಳ್ಳುವವರಲ್ಲೇ ಕಾಯಿಲೆ ಜಾಸ್ತಿ ಎಂದು ನಿಮ್ಮ ಪಟ್ಟಿ ತೋರಿಸಿತು ಎಂದುಕೊಳ್ಳಿ. ಎಣ್ಣೆಯಿಂದ ಕಾಯಿಲೆ ಬಂತಾ? ದಿನಾ ಬೆಟ್ಟಕ್ಕೆ ಹೋಗುವವರೇ ಎಣ್ಣೆ ಹಚ್ಚುತ್ತಾರೆ, ಉಣುಗು ಕಡಿಯುವುದೂ ಅವರಿಗೇ. ಮನೆ ಬಿಟ್ಟು ಹೊರಡದವರಿಗೆ ಎರಡೂ ಇಲ್ಲ. ಹಾಗಾಗಿ ಒಂದೇ ರೀತಿ ಬೆಟ್ಟಕ್ಕೆ ಹೋಗುವವರೊಳಗೆ ಮಾತ್ರ ಹೋಲಿಸಬೇಕು. ಎರಡು ಅಂಕಿ ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಬರೆಯಬೇಡಿ.

ಕೇಳಿಸಿಕೊಳ್ಳಲು ಹೊರಟರೆ

ಇಲ್ಲಿ ಲಾಟರಿ ಬೇಡ. ಬೇಕೆಂದೇ ಆರಿಸಿ ಹೋಗಬೇಕು. ಎಣ್ಣೆಯ ಪ್ರಶ್ನೆಯಾದರೆ ದರಗು ತರುವ ಹೆಂಗಸರು, ದನ ಕಾಯುವವರು, ಆಶಾ ಕಾರ್ಯಕರ್ತೆ, ಕಾಯಿಲೆ ಬಂದು ವಾಸಿಯಾದವರು, ಹಚ್ಚಿಕೊಳ್ಳುವವರು, ಬಾಟಲಿ ಅಟ್ಟದ ಮೇಲೆ ಇಟ್ಟವರು. ಹೊಸ ಮಾತು ಬರುವುದು ನಿಂತಿತು, ಕೇಳಿದ್ದೇ ಮತ್ತೆ ಮತ್ತೆ ಬರುತ್ತಿದೆ ಎನ್ನುವವರೆಗೆ ಹೋಗಬೇಕು. ಇದಕ್ಕೂ ಲೆಕ್ಕ ಬೇಕು ಎಂದು ಗೈಡ್‌ಗಳು ಕೇಳುತ್ತಾರೆ. ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ಪರಿಶೀಲಿಸಿದ 2006ರ ಒಂದು ಪ್ರಸಿದ್ಧ ಲೇಖನದಲ್ಲಿ, ಹೆಚ್ಚುಕಡಿಮೆ ಮೊದಲ 12ರೊಳಗೇ ಹೊಸ ವಿಷಯ ನಿಂತಿತ್ತು. ಒಂದೇ ರೀತಿಯ ಜನ, ಒಂದೇ ಸಣ್ಣ ವಿಷಯ ಆದಾಗ ಮಾತ್ರ ಹಾಗೆ. ಹತ್ತು ಥರದ ಜನರನ್ನು ಕೇಳುವುದಾದರೆ ಜಾಸ್ತಿ ಬೇಕು.

ಹೋಗುವ ಸಮಯ ನೋಡಿಕೊಳ್ಳಿ. ಅಡಿಕೆ ಸುಲಿಯುವ ಕಾಲದಲ್ಲಿ ಯಾರಿಗೂ ಪುರುಸೊತ್ತಿಲ್ಲ ಎಂದು ಹೆದರುತ್ತೀರಿ. ನನಗೆ ಅತ್ಯಂತ ಒಳ್ಳೆಯ ಮಾತುಗಳು ಸಿಕ್ಕಿದ್ದು ಆಗಲೇ. ರಾತ್ರಿ ದೀಪದ ಕೆಳಗೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿಗೆ ಬಿಡುವು. ನಾನೂ ಒಂದು ಕತ್ತಿ ಹಿಡಿದು ಕೂರುತ್ತೇನೆ. ನಿಮಗೆ ಸುಲಿಯಲು ಬಾರದಿದ್ದರೆ ಸುಲಿದದ್ದನ್ನು ಬುಟ್ಟಿಗೆ ತುಂಬಿ ಕೊಡಿ.

ಇನ್ನು ಕೇಳುವ ರೀತಿ. ನಿಮ್ಮ ಸಂಶೋಧನೆಯ ಪ್ರಶ್ನೆ "ಯಾಕೆ" ಇರಬಹುದು. ಆದರೆ ಅವರ ಎದುರು ಆ ಪದ ಆದಷ್ಟು ತರಬೇಡಿ. "ಯಾಕೆ ಎಣ್ಣೆ ಹಚ್ಚಿಕೊಳ್ಳಲಿಲ್ಲ?" ಎಂದರೆ ಬೈದ ಹಾಗೆ ಕೇಳಿಸುತ್ತದೆ. "ಇನ್ಮೇಲೆ ಹಚ್ಕೊಳ್ತೀವಿ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. "ನಿನ್ನೆ ಬೆಳಗ್ಗೆ ಬೆಟ್ಟಕ್ಕೆ ಹೊರಟ್ರಲ್ಲ, ಎದ್ದಲ್ಲಿಂದ ಏನೇನು ಮಾಡಿದ್ರಿ ಹೇಳಿ" ಎಂದು ಕೇಳಿ. ದಾರಿ ಅವರೇ ತೋರಿಸುತ್ತಾರೆ. ನಾನು ಹೀಗೆ ಕೇಳಿದಾಗ ಒಬ್ಬರು ಹೇಳಿದರು: "ಒಂದಿನಕ್ಕೆ ಮೂರು ಸಲ ಹೋಗಿ ಬರ್ತೀನಿ. ಬಂದವಳು ಹಾಲು ಕರೀಬೇಕು, ಅಡುಗೆ ಮಾಡ್ಬೇಕು. ಆ ಕೈಯಲ್ಲಿ ಹೆಂಗೆ ಮಾಡೋದು?" ಇನ್ನೊಬ್ಬರು, ಬಾಟಲಿ ಖಾಲಿಯಾದ ಮೇಲೆ ಮತ್ತೆ ಹೋಗಿ ಕೇಳಲು ಸಂಕೋಚ ಎಂದರು. ಇವು ಯಾವ ಫಾರ್ಮ್‌ನ ಆಯ್ಕೆಗಳಲ್ಲೂ ಇರಲಿಲ್ಲ. ಅಲ್ಲಿ ಇದ್ದದ್ದು "ಮಾಹಿತಿ ಇಲ್ಲ", "ನಂಬಿಕೆ ಇಲ್ಲ", "ಇತರೆ."

ಅವರು ಮಾತು ನಿಲ್ಲಿಸಿದರೆ ನೀವು ತಕ್ಷಣ ಮುಂದಿನ ಪ್ರಶ್ನೆಗೆ ಹೋಗಬೇಡಿ. ಸ್ವಲ್ಪ ಹೊತ್ತು ಸುಮ್ಮನಿರಿ. ಮುಖ್ಯವಾದದ್ದು ಎಷ್ಟೋ ಸಲ ಆ ಮೌನದ ಆಚೆ ಇರುತ್ತದೆ.

ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ಬೇಡ ಎಂದರೆ ಮೊಬೈಲ್ ಚೀಲಕ್ಕೆ ಹಾಕಿ, ರಾತ್ರಿ ಮಲಗುವ ಮೊದಲು ನೆನಪಿದ್ದದ್ದನ್ನೆಲ್ಲ ಬರೆಯಿರಿ. ಬೆಳಗ್ಗೆ ಬರೆಯೋಣ ಎಂದರೆ ಅರ್ಧ ಹೋಗಿರುತ್ತದೆ. ಅವರ ಮಾತನ್ನು ಅವರ ಹಾಗೆಯೇ ಬರೆಯಿರಿ. "ಬೆಟ್ಟ" ಎಂದದ್ದನ್ನು "ಅರಣ್ಯ" ಎಂದು ತಿದ್ದಿದರೆ ನೀವು ಹುಡುಕಿ ಹೋದ ವಸ್ತುವನ್ನೇ ಎಸೆದಂತೆ. ಒಂದು ಗಂಟೆಯ ರೆಕಾರ್ಡಿಂಗ್ ಬರೆದು ಇಳಿಸಲು ನನಗೆ ಐದಾರು ಗಂಟೆ ಬೇಕು. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಜಾಗ ಇಡಿ.

ಪ್ರತಿ ಎರಡು ಬೇರೆ ಬೇರೆ ಜಾಗದಲ್ಲಿರಲಿ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸರು, ಆ ಟಿಪ್ಪಣಿಗಳನ್ನು ವರ್ಷಗಟ್ಟಲೆ ಜೋಡಿಸಿ ಸಿದ್ಧ ಮಾಡಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಬೆಂಕಿ ಬಿತ್ತು. ಮೂರೂ ಪ್ರತಿ ಅಲ್ಲೇ ಇತ್ತು. ಆಮೇಲೆ ಅವರು ಆ ಹಳ್ಳಿಯ ಬಗ್ಗೆ ನೆನಪಿನಿಂದ ಬರೆದರು. ಅಷ್ಟು ಕಾಲ ಜೊತೆಗಿದ್ದು ನೋಡಿದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ಎರಡು ದಿನ ಹೋಗಿ ಬರುವ ನಮಗೆ ಆಗುವುದಿಲ್ಲ.

ಬರೆದದ್ದನ್ನು ಓದುವಾಗ ಬಣ್ಣದ ಪೆನ್ನು ಇಟ್ಟುಕೊಳ್ಳಿ. ಒಂದೇ ಥರದ ಮಾತಿಗೆ ಒಂದೇ ಬಣ್ಣ, ಪಕ್ಕದಲ್ಲಿ ಪುಟ್ಟ ಹೆಸರು: "ಕೈಗೆ ಎಣ್ಣೆ, ಹಾಲಿಗೆ ವಾಸನೆ", "ಮತ್ತೆ ಕೇಳಲು ಸಂಕೋಚ". ಆಮೇಲೆ ಹೆಸರುಗಳನ್ನು ಗುಂಪು ಮಾಡಿ. ನೀವು ಅಂದುಕೊಂಡದ್ದಕ್ಕೆ ವಿರುದ್ಧ ಹೇಳಿದವರನ್ನು ಬಿಡಬೇಡಿ, ಅವರಿಗೆ ಬೇರೆಯದೇ ಬಣ್ಣ ಕೊಡಿ. ಮತ್ತು ಹತ್ತು ಜನರ ಜೊತೆ ಮಾತಾಡಿ "ಶೇಕಡಾ 70ರಷ್ಟು ಜನ ಹೀಗೆನ್ನುತ್ತಾರೆ" ಎಂದು ಬರೆಯಲೇಬೇಡಿ. ಅವರನ್ನು ನೀವು ಆರಿಸಿ ಹೋಗಿದ್ದು.

ಗುಂಪು ಚರ್ಚೆಯೂ ಒಂದು ದಾರಿ, ಸ್ವಸಹಾಯ ಸಂಘದ ಸಭೆಯ ದಿನ ಸುಲಭವಾಗಿ ಆರೆಂಟು ಜನ ಸಿಗುತ್ತಾರೆ. ಊರಿನ ವಾಡಿಕೆ ತಿಳಿಯಲು ಒಳ್ಳೆಯದು. ಸಾಲ, ಜಮೀನು, ಮನೆಯ ಜಗಳ ಅಲ್ಲಿ ಕೇಳಬೇಡಿ.

ಎರಡನ್ನೂ ಮಾಡುವುದಾದರೆ

ಯಾವುದು ಮೊದಲು ಎಂದು ತೀರ್ಮಾನಿಸಿ. ಆ ಜಾಗದ ಮಾತು, ಪದ್ಧತಿ ಗೊತ್ತಿಲ್ಲದಿದ್ದರೆ ಕೇಳಿಸಿಕೊಳ್ಳುವುದು ಮೊದಲು, ಅದರಿಂದ ಪ್ರಶ್ನಾವಳಿ, ಆಮೇಲೆ ಎಣಿಕೆ. ಅಂಕಿ ಈಗಾಗಲೇ ಇದ್ದು ಅದರಲ್ಲಿ ಏನೋ ಅರ್ಥವಾಗದ್ದು ಕಂಡರೆ, ಅದನ್ನು ಹಿಡಿದು ಮಾತಾಡಲು ಹೋಗಿ. ಒಂದು ಊರಲ್ಲಿ ಬಾಟಲಿ ಎಲ್ಲರಿಗೂ ಸಿಕ್ಕಿದೆ, ಬಳಕೆ ಮಾತ್ರ ಕಡಿಮೆ ಎಂದರೆ ಆ ಊರಿಗೇ ಹೋಗಬೇಕು. ಮೂರು ತಿಂಗಳ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಪೂರ್ತಿ ಮಾಡಲು ಆಗುವುದಿಲ್ಲ. ಎಣಿಸುವುದೇ ನಿಮ್ಮ ಕೆಲಸವಾದರೂ ಐದಾರು ಮನೆಯಲ್ಲಿ ಫಾರ್ಮ್ ಇಲ್ಲದೆ ಕೂತು ಬನ್ನಿ, ಆಮೇಲೆ ಹತ್ತು ಹದಿನೈದು ಮನೆಯಲ್ಲಿ ಫಾರ್ಮ್ ಪ್ರಯೋಗ ಮಾಡಿ ನೋಡಿ, ತಿದ್ದಿ, ಆಮೇಲೆ ಅಚ್ಚು ಹಾಕಿಸಿ.

ಬರೆದು ಮುಗಿದ ಮೇಲೆ ವಾಪಸ್ ಹೋಗಿ ಓದಿ ಹೇಳುವುದನ್ನು ಬಿಡಬೇಡಿ. ಎಲ್ಲರಿಗೂ ಆಗದಿದ್ದರೆ ನಾಲ್ಕು ಮನೆಗಾದರೂ. ಮುಂದೆ ನನ್ನದೇ ಒಂದು ಸಣ್ಣ ಕೆಲಸಕ್ಕೆ ಪ್ರಶ್ನಾವಳಿ ಮಾಡಿದಾಗ ಆ ದರಗಿನ ಅಜ್ಜಿಯ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿದೆ. ಅಜ್ಜಿ ಕವಳ ಹಾಕಿಕೊಂಡು ಕೇಳುತ್ತಿದ್ದರು. ಬೆಟ್ಟ, ಬ್ಯಾಣ, ಕಾನು, ಕಾಡು ಎಂದು ಬಂದಾಗ ಕೈ ಅಡ್ಡ ಹಿಡಿದರು.

"ತೋಟದ ಅಂಚು ಬರೀಲಿಲ್ವಲ್ಲ ತಂಗಿ. ಮಂಗ ಸತ್ತು ಬಿದ್ದಿದ್ದು ಅಲ್ಲೇ."

ಪೆನ್ನು ತೆಗೆದು ಐದನೆಯದಾಗಿ ಸೇರಿಸಿದೆ.